ಮೂರನೇ ಬೇಸಿನ ಗೆರೆ

ಕೆಟಲ್‌ಫೋರ್ಡಿನ ಬೇಸ್‌ಬಾಲ್ ಮೈದಾನವನ್ನು ನೋಡಿಕೊಳ್ಳುವ ಕೆಲಸ ಕಾಗದದ ಮೇಲೆ ಟೋಬಿಯಾಸ್ ಹ್ರುಷ್ಕನದು. ಮಾಡುತ್ತಿದ್ದವಳು ಅವನ ಹೆಂಡತಿ ವೆರೋನಾ. ಬಲಗಾಲಿನ ಮಂಡಿ ಮಡಿಸಲಾರದ ಗಂಡಸು ರೋಲರು ಎಳೆಯುವುದು ಹೇಗೆ? ಬೆಳಿಗ್ಗೆ ಐದಕ್ಕೆ ಉಕ್ಕಿನ ಕಾರ್ಖಾನೆಯ ಕೂಗು ಕೇಳುತ್ತಲೇ ಅವಳು ಗಂಡನ ಹಳೆಯ ಬೂಟು ಮೆಟ್ಟಿ, ತಲೆಗೆ ವಸ್ತ್ರ ಬಿಗಿದು, ಕಬ್ಬಿಣದ ಹಲ್ಲಿನ ಹಲುಬೆಯನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದಳು. ಮಣ್ಣು ಕೆದರುವುದು, ನೀರು ಚಿಮುಕಿಸುವುದು, ದಿಮ್ಮಸು ಹೊಡೆಯುವುದು, ಸುಣ್ಣದ ಗೆರೆ ಎಳೆಯುವುದು ಎಲ್ಲ ಅವಳೇ. ಟೋಬಿ ಹಿಂದಿನಿಂದ ಕೋಲೂರಿಕೊಂಡು ಬಂದು ಆಟಗಾರ ಓಡುತ್ತ ಮುಟ್ಟಬೇಕಾದ ನಾಲ್ಕು ಬೇಸುಗಳಲ್ಲಿ ಎರಡನೆಯದರ ಸುತ್ತಿನ ನಾಲ್ಕು ಮಾರು ನೆಲವನ್ನು ಮಾತ್ರ ತಾನೇ ಸವರುತ್ತಿದ್ದ. ಅಲ್ಲಿಗೆ ಯಾರನ್ನೂ ಬಿಡುತ್ತಿರಲಿಲ್ಲ, ಅವಳನ್ನೂ.

ಒಂದು ಕಾಲದಲ್ಲಿ ಆ ಜಾಗ ಅವನದೇ ಆಗಿತ್ತು. ಸಾವಿರದ ಒಂಬೈನೂರ ಒಂಬತ್ತನೇ ಇಸವಿಯ ಬೇಸಿಗೆಯಲ್ಲಿ ಟೋಬಿ ಎರಡನೇ ಬೇಸಿನಲ್ಲಿ ನಿಂತು ಮೂವತ್ತೆಂಟು ಆಟ ಆಡಿದ್ದ, ಒಂದೇ ಒಂದು ತಪ್ಪಿಲ್ಲದೆ. ಕೈಗವಸು ಅಂದರೆ ಆಗ ಬಡಿದ ರೊಟ್ಟಿಯಷ್ಟು ತೆಳ್ಳಗೆ. ನೆಲ ಅಂದರೆ ಗುಂಡಿ, ಕಲ್ಲು. ಅಂಥದ್ದರಲ್ಲಿ ಮೂವತ್ತೆಂಟು ಆಟ, ಕೈಗೆ ಬಂದ ಚೆಂಡು ಒಂದೂ ಜಾರಿರಲಿಲ್ಲ. ಮೂರು ನದಿಗಳ ಲೀಗಿನ ದಾಖಲೆ ಪುಸ್ತಕದಲ್ಲಿ ಅದು ಇವತ್ತಿಗೂ ಇದೆ.

ಮೂವತ್ತೆಂಟನೆಯ ಆಟದಲ್ಲಿ ಎದುರಾಳಿ ಓಲ್ಡಮ್ ತಂಡದ ಕ್ಲೈಡ್ ಗ್ಯಾಸ್ಕಿನ್ ಒಂದನೇ ಬೇಸಿನಿಂದ ಓಡಿ ಬಂದ. ಅವನು ಆಟಕ್ಕೆ ಮುಂಚೆ ಎಲ್ಲರಿಗೂ ಕಾಣುವ ಹಾಗೆ ಬೆಂಚಿನ ಮೇಲೆ ಕೂತು ಬೂಟಿನ ಮೊಳೆಗಳಿಗೆ ಅರ ಹಾಕುವ ಆಸಾಮಿ. ನೆಲದ ಮೇಲೆ ಜಾರಿಕೊಂಡು ಬರುವಾಗ ಎರಡೂ ಕಾಲನ್ನು ಎತ್ತಿ ಹಿಡಿದಿದ್ದ. ಮೊಳೆಗಳು ಟೋಬಿಯ ಮಂಡಿಯಿಂದ ಹಿಮ್ಮಡಿಯವರೆಗೆ ಗೇದ ಹೊಲದಂತೆ ಸಾಲು ಬಿಟ್ಟವು. ಟೋಬಿ ಬಿದ್ದ. ಚೆಂಡನ್ನು ಮಾತ್ರ ಬಿಡಲಿಲ್ಲ. ಅಂಪೈರ್ ಗ್ಯಾಸ್ಕಿನ್ನನನ್ನು ಔಟ್ ಅಂದ. ಗ್ಯಾಸ್ಕಿನ್ ಎದ್ದು, ಬೂಟಿನ ರಕ್ತವನ್ನು ಹುಲ್ಲಿಗೆ ಒರೆಸಿ, "ದಾರೀಲಿ ನಿಂತ್ರೆ ಇನ್ನೇನಾಗುತ್ತೆ?" ಅಂದು ನಡೆದ. ಬೇಲಿಯ ಪಕ್ಕ ನಿಂತಿದ್ದ ವೆರೋನಾ ಆ ಮಾತು ಕೇಳಿಸಿಕೊಂಡಳು. ಆಗ ಮದುವೆಯಾಗಿ ಐದು ತಿಂಗಳು. ಗಾಯ ಕೀವಾಯಿತು, ಟೋಬಿ ಏಳು ವಾರ ಮಲಗಿದ. ಎದ್ದಾಗ ಕಾಲು ಮರದ ತುಂಡಾಗಿತ್ತು.

ಹದಿಮೂರು ವರ್ಷದ ಮೇಲೆ, ಇಪ್ಪತ್ತೆರಡನೇ ಇಸವಿಯ ಏಪ್ರಿಲಿನಲ್ಲಿ, ಅದೇ ಗ್ಯಾಸ್ಕಿನ್ ಕೆಟಲ್‌ಫೋರ್ಡಿನ ತಂಡಕ್ಕೆ ಆಟಗಾರನೂ ಆಗಿ ಮ್ಯಾನೇಜರನೂ ಆಗಿ ಬಂದಿಳಿದ. ಮೂವತ್ತೆಂಟು ವಯಸ್ಸು, ಹೊಟ್ಟೆ ಸ್ವಲ್ಪ ಮುಂದಕ್ಕೆ ಬಂದಿತ್ತು, ಕಣ್ಣು ಮಾತ್ರ ಹಿಂದಿನ ಹಾಗೇ ಚುರುಕು. ಮೊದಲ ದಿನವೇ ಮೈದಾನ ಸುತ್ತಿ ನೋಡಿ, ಎರಡನೇ ಬೇಸಿನ ಹತ್ತಿರ ಕೋಲೂರಿಕೊಂಡು ನಿಂತಿದ್ದ ಟೋಬಿಯನ್ನು ಕಂಡ. ಟೋಬಿ ಅವನಿಗಿಂತ ಎರಡು ವರ್ಷ ಚಿಕ್ಕವನು.

"ಏನಜ್ಜಾ, ಕಾಲಿಗೇನಾಯ್ತು? ಕುಲುಮೇಲಿ ಏನಾದ್ರೂ ಬಿತ್ತಾ ಮೇಲೆ?"

ಟೋಬಿ ಅವನ ಮುಖವನ್ನು ಒಂದು ಗಳಿಗೆ ನೋಡಿದ.

"ಹೂಂ ಸಾಹೇಬ್ರೆ. ಕಾರ್ಖಾನೇಲಿ."

"ಪಾಪ," ಅಂದು ಗ್ಯಾಸ್ಕಿನ್ ಅವನ ಹೆಗಲು ತಟ್ಟಿ ಮುಂದೆ ಹೋದ. ರೋಲರಿನ ಹಿಡಿ ಹಿಡಿದು ನಿಂತಿದ್ದ ವೆರೋನಾಳ ಬೆರಳುಗಳು ಬೆಳ್ಳಗಾದವು.

ಮನೆಗೆ ಬಂದು ಅವಳು ಎಲೆಕೋಸಿನ ಜೊತೆ ತಿನ್ನುವ ಹಲುಷ್ಕಿಯ ತುಣುಕುಗಳಿಗೆಂದು ಕಲಸಿದ ಹಿಟ್ಟನ್ನು ಹಲಗೆಯ ಮೇಲೆ ಕೊಚ್ಚತೊಡಗಿದಳು. ಚಾಕು ಬೀಳುವ ಸದ್ದು ಬೀದಿಗೆ ಕೇಳುವಂತಿತ್ತು.

"ಯಾಕೆ ಹಂಗಂದೆ? ಕಾರ್ಖಾನೇಲಂತೆ!"

"ಇನ್ನೇನನ್ಲಿ? ಮರೆತೋನಿಗೆ ನೆನಪು ಮಾಡ್ಕೊಡೋಕೆ ನಾನೇನು ಪಾದ್ರಿನಾ?"

"ನಿನ್ನ ಕಾಲು ತಿಂದೋನು ನಿನ್ನನ್ನೇ ಅಜ್ಜ ಅಂತಾನೆ. ಒಂಚೂರು ರೋಷ ಬೇಡ್ವಾ ಮನುಷ್ಯಂಗೆ?"

"ಇತ್ತು ಕಣೆ. ಕಾಲಿನ ಜೊತೆ ಅದೂ ಮರಗಟ್ಟೋಯ್ತು. ಎಲೆಕೋಸು ಸೀದೋಗ್ತಿದೆ ನೋಡು."

ಅವಳು ಎಲೆಕೋಸು ಇಳಿಸಿದಳು. ಎದೆಯೊಳಗೆ ಸೀಯುತ್ತಿದ್ದುದನ್ನು ಇಳಿಸಲಿಲ್ಲ. ಗಂಡನ ಪಾಲಿನ ರೋಷವೂ ಇನ್ನು ತನ್ನದೇ ಎಂದುಕೊಂಡಳು.

ದಾರಿ ತೋರಿಸಿದವನು ಗ್ಯಾಸ್ಕಿನ್ನನೇ. ವಯಸ್ಸಾದ ಮೇಲೆ ಅವನು ಬಂಟ್ ಹೊಡೆತವನ್ನು ನೆಚ್ಚಿಕೊಂಡಿದ್ದ. ಬೀಸಿ ಹೊಡೆಯುವುದಲ್ಲ ಅದು. ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಸುಮ್ಮನೆ ತಾಗಿಸಿ, ಮೂರನೇ ಬೇಸಿಗೆ ಹೋಗುವ ಗೆರೆಯ ಗುಂಟ ಸತ್ತ ಇಲಿಯ ಹಾಗೆ ಕೆಡವಿ, ಎದುರಾಳಿ ಅದನ್ನು ಹೆಕ್ಕಿ ಎಸೆಯುವುದರೊಳಗೆ ಒಂದನೇ ಬೇಸಿಗೆ ಓಡಿಬಿಡುವುದು. ಚೆಂಡು ಗೆರೆಯೊಳಗೆ ಉಳಿದರೆ ಬದುಕು. ಹೊರಗೆ ಉರುಳಿದರೆ ಫೌಲ್: ಹೊಡೆತ ಲೆಕ್ಕಕ್ಕಿಲ್ಲ, ಒಂದು ಸ್ಟ್ರೈಕ್ ಬೀಳುತ್ತದೆ, ವಾಪಸು ಬಂದು ಮತ್ತೆ ಬ್ಯಾಟು ಹಿಡಿಯಬೇಕು.

"ತಾಯಿ, ಆ ಗೆರೆ ಪಕ್ಕ ನೆಲ ಒಂದು ಬೆರಳು ಎತ್ತರ ಮಾಡಿ ಒಳಕ್ಕೆ ವಾಲ್ಸು," ಅಂದ ಅವಳಿಗೆ. "ಆಚೆ ಹೋಗೋ ಚೆಂಡು ವಾಪಸ್ ಬರ್ಬೇಕು. ಯಾರಿಗೂ ಹೇಳ್ಬೇಡ."

"ಆಗ್ಲಿ ಸಾಹೇಬ್ರೆ."

ಎಲ್ಲ ಊರಿನ ಮೈದಾನದವರೂ ಮಾಡುವ ಕಳ್ಳಗೆಲಸವೇ ಅದು. ನಿಯಮದಲ್ಲಿ ಬೇಡವೆಂದು ಎಲ್ಲೂ ಬರೆದಿರಲಿಲ್ಲ. ಅವಳು ಒಂದು ಬೆರಳು ಎತ್ತರಿಸಿದಳು. ಮೇ ತಿಂಗಳ ಕೊನೆಗೆ ಗ್ಯಾಸ್ಕಿನ್ ಹತ್ತಕ್ಕೆ ನಾಲ್ಕರ ಲೆಕ್ಕದಲ್ಲಿ ಹೊಡೆಯುತ್ತಿದ್ದ. ಒಂದು ಬೆಳಿಗ್ಗೆ ಬಂದು, ಟೋಬಿಯ ಕೋಲಿನ ಕಡೆ ಕಣ್ಣು ಹಾಯಿಸಿ ನಕ್ಕ.

"ಆ ಮಣ್ಣು ತೆಗೆದುಬಿಡು ತಾಯಿ. ನಂಗೀಗ ಊರುಗೋಲು ಬೇಡ. ಕೈ ಕುದುರಿದೆ."

"ಆಗ್ಲಿ ಸಾಹೇಬ್ರೆ," ಅಂದಳು ಈಗಲೂ. ಮಾರನೆಯ ಬೆಳಿಗ್ಗೆ ಹೊಳೆದಂಡೆಯಿಂದ ಇನ್ನೂ ಒಂದು ಬುಟ್ಟಿ ಜೇಡಿ ತಂದು ಅದೇ ಗೆರೆಗೆ ಸುರಿದು, ದಿಮ್ಮಸು ಹೊಡೆದು, ಮೇಲೆ ತೆಳ್ಳಗೆ ಮರಳು ಉದುರಿಸಿ, ಸುಣ್ಣ ಎಳೆದಳು. ಕಣ್ಣಿಗೆ ಸಪಾಟಾಗಿ ಕಾಣುತ್ತಿತ್ತು. ಚೆಂಡಿಗೆ ಮಾತ್ರ ಗೊತ್ತಾಗುತ್ತಿತ್ತು. ಅವತ್ತೇ ಅವಳ ಮನಸ್ಸಿನಲ್ಲಿ ಇಡೀ ಬೇಸಿಗೆ ರೂಪು ತಳೆದದ್ದು. ಅವನನ್ನು ಏರಿಸಬೇಕು, ಊರೆಲ್ಲ ಕತ್ತೆತ್ತಿ ನೋಡುವಷ್ಟು ಎತ್ತರಕ್ಕೆ. ಕೊನೆಯ ದಿನ ಏಣಿ ಎಳೆದುಬಿಡಬೇಕು.

ಹಾಗೆ ಏರುವುದಕ್ಕೆ ತಕ್ಕ ವರ್ಷವೂ ಆಗಿತ್ತು ಅದು. ಅಂಥ ವರ್ಷವನ್ನು ಆ ಲೀಗು ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಓಲ್ಡಮಿನ ಎಡಗೈ ಪಿಚರ್ ಒಬ್ಬ ಒಂದೇ ದಿನ ಎರಡೂ ಆಟಕ್ಕೆ ತಾನೇ ಚೆಂಡೆಸೆದು ಎರಡನ್ನೂ ಗೆದ್ದ. ಜುಲೈನಲ್ಲಿ ಒಂದು ಆಟ ಇಪ್ಪತ್ತೊಂದು ಸರದಿ ನಡೆದು, ಕತ್ತಲಾಗಿ, ಸಮಸಮವೆಂದು ನಿಂತಿತು. ಅವತ್ತು ಕಡಲೆಕಾಯಿ ಮಾರುವ ಮಾಲ್ವೀನಾ ಕಡಲೆಕಾಯಿ ಮುಗಿದು ತನ್ನ ಊಟದ ಡಬ್ಬಿಯನ್ನೇ ಮಾರಿದಳು. ಕೆಟಲ್‌ಫೋರ್ಡಿನ ಆಟಗಾರ ಶಿಮ್ಕೋ ಒಂದೇ ಹೊಡೆತಕ್ಕೆ ಮೂರನೇ ಬೇಸು ಮುಟ್ಟಿದ್ದು ಹತ್ತೊಂಬತ್ತು ಸಲ. ಒಬ್ಬ ಪಾಪದ ಪಿಚರ್ ಸಾಲಾಗಿ ಹದಿನೇಳು ಆಟ ಸೋತು, ಹದಿನೆಂಟನೆಯದನ್ನು ಗೆದ್ದಾಗ ಸೋತವನಿಗಿಂತ ಜೋರಾಗಿ ಅತ್ತ. ಆದರೂ ಜನ ಬೆಳಿಗ್ಗೆ ಪತ್ರಿಕೆ ಬಿಡಿಸಿ ಮೊದಲು ನೋಡುತ್ತಿದ್ದುದು ಒಂದೇ ಅಂಕಿ. ಗ್ಯಾಸ್ಕಿನ್ ನಾನೂರು ಮುಟ್ಟಿದನೇ? ಸಾವಿರ ಸಲ ಬ್ಯಾಟು ಹಿಡಿದರೆ ನಾನೂರು ಸಲ ಹೊಡೆದು, ಔಟಾಗದೆ ಬೇಸು ಮುಟ್ಟುವ ಲೆಕ್ಕ. ಆ ಲೀಗಿನಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ.

ಗ್ಯಾಸ್ಕಿನ್ನನಿಗೆ ಪತ್ರಿಕೆಯವರ ಮುಂದೆ ಕೈ ಚಾಚಿ ತೋರಿಸುವ ಚಟ ಹತ್ತಿತು. "ಇದು ಬೆಣ್ಣೆ ಕಣ್ರಯ್ಯಾ. ಚೆಂಡು ಈ ಕೈಗೆ ಬಂದ್ರೆ ನಿದ್ದೆ ಹೋಗ್ಬಿಡುತ್ತೆ," ಅನ್ನುತ್ತಿದ್ದ. ಗೆರೆಗೆ ಮಣ್ಣು ಹಾಕಿಸಿದ್ದು ಅವನಿಗೆ ಮರೆತೇಹೋಗಿತ್ತು. ಮರೆಯುವುದರಲ್ಲಿ ಅವನು ಮೊದಲಿಂದಲೂ ಗಟ್ಟಿಗ.

ವೆರೋನಾ ಮರೆಯುವವಳಲ್ಲ. ಅಡುಗೆಮನೆಯಲ್ಲಿ ಚರ್ಚಿನವರು ಕೊಟ್ಟ ಕ್ಯಾಲೆಂಡರು ತೂಗುತ್ತಿತ್ತು, ದಿನಕ್ಕೊಬ್ಬ ಸಂತನ ಹೆಸರಿದ್ದದ್ದು. ನೆಲದ ವಾಲಿನಿಂದ ಬದುಕಿದ ಒಂದೊಂದು ಬಂಟಿಗೂ ಅವಳು ಆ ದಿನದ ಮನೆಯಲ್ಲಿ ಪೆನ್ಸಿಲಿನಿಂದ ಒಂದು ಶಿಲುಬೆ ಹಾಕುತ್ತಿದ್ದಳು. ಜೂನ್ ಹದಿಮೂರರ ಸಂಜೆ ಗಾಳಿಮಳೆ ಬಡಿದು ಗೆರೆಯ ಮಣ್ಣೆಲ್ಲ ಕೊಚ್ಚಿಹೋಯಿತು. ಮಾರನೆಯ ಬೆಳಿಗ್ಗೆ ನಿಂತ ನೀರು ತೋಡಿ ಮರಳು ಹರಡುವುದರಲ್ಲೇ ಅವಳಿಗೆ ಹೊತ್ತಾಯಿತು, ಗೆರೆ ಎತ್ತರಿಸಲು ಕೈ ಹೋಗಲಿಲ್ಲ. ಅವತ್ತೂ ಅವನು ಬಂಟು ಹೊಡೆದ, ಅದೂ ನಿಂತಿತು. ಅವತ್ತಿಗೂ ಒಂದು ಶಿಲುಬೆ ಬಿತ್ತು. ಪೆನ್ಸಿಲು ಕೈಯಲ್ಲಿತ್ತು, ಹಾಕಿದಳು.

ಆಗಸ್ಟಿನ ಒಂದು ಬೆಳಿಗ್ಗೆ ಟೋಬಿ ಆ ಗೆರೆಯ ಪಕ್ಕ ನಡೆದು ಹೋಗುವಾಗ ತಟ್ಟನೆ ನಿಂತ. ಎರಡು ಹೆಜ್ಜೆ ಹಿಂದೆ ಬಂದ, ಮತ್ತೆ ಮುಂದೆ ಹೋದ.

"ಏನಿದು?"

"ಏನು?"

"ಕಣ್ಣಿಗೆ ಮಣ್ಣೆರಚಬಹುದು ಕಣೆ, ಈ ಮಂಡಿಗೆ ಆಗಲ್ಲ. ನೆಲ ಎರಡು ಬೆರಳು ವಾಲಿದೆ. ತೆಗೆ ಅಂತ ಹೇಳಿರ್ಲಿಲ್ವಾ ಅವ್ನು?"

ಅವಳು ಹಲುಬೆಯ ಹಲ್ಲಿಗೆ ಸಿಕ್ಕ ಬೇರನ್ನು ಕಿತ್ತೆಸೆದಳು. ಆಮೇಲೆ ಎಲ್ಲ ಹೇಳಿದಳು.

ಟೋಬಿ ಕೋಲಿನ ತುದಿಯಿಂದ ಆ ಮಣ್ಣನ್ನು ಒತ್ತಿ ನೋಡಿದ. "ಕೊನೇ ದಿನವಾ?" ಅಂದ.

"ಕೊನೇ ದಿನ. ಬೆಳಿಗ್ಗೆ ಬಂದು ಹೊರಕ್ಕೆ ವಾಲಿಸ್ತೀನಿ. ಅವನ ಬೆಣ್ಣೆ ಕೈಯಿಂದ ಬಿದ್ದ ಚೆಂಡೆಲ್ಲ ಚರಂಡಿ ನೋಡ್ಬೇಕು."

"ಬಂಟು ಬಿಟ್ಟು ಬೀಸಿ ಹೊಡೆದ್ರೆ?"

"ಬಿಡಲ್ಲ. ಬಿಟ್ಟಿ ರುಚಿ ಹತ್ತಿದ ನಾಲಿಗೆ ಅದು."

"ನೀನುಂಟು ನಿನ್ನ ಹಲುಬೆ ಉಂಟು. ನನ್ನನ್ನ ಕೇಳ್ಬೇಡ," ಅಂದ ಟೋಬಿ. ಬೇಡ ಅನ್ನಲಿಲ್ಲ. ಎರಡನೇ ಬೇಸಿನ ಕಡೆ ಹೋಗಿ, ಅವತ್ತು ಎಂದಿಗಿಂತ ಹೆಚ್ಚು ಹೊತ್ತು ಅಲ್ಲಿನ ಮಣ್ಣು ಸವರುತ್ತ ನಿಂತಿದ್ದ.

ಸೆಪ್ಟೆಂಬರಿನ ಕೊನೆಯ ಆಟ ಶನಿವಾರ ಬಿತ್ತು, ಸ್ವಂತ ಊರಿನಲ್ಲಿ, ಓಲ್ಡಮಿನ ಮೇಲೆ. ಪಟ್ಟ ಯಾರಿಗೆಂದು ಹಿಂದಿನ ವಾರವೇ ತೀರ್ಮಾನವಾಗಿತ್ತು, ಓಲ್ಡಮಿಗೆ. ಆದರೂ ಮೈದಾನದ ಬೇಲಿ ಮುರಿಯುವಷ್ಟು ಜನ. ಪತ್ರಿಕೆಯ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಲೆಕ್ಕ ಬಂದಿತ್ತು: ಗ್ಯಾಸ್ಕಿನ್ ಐನೂರ ಮೂರು ಸಲ ಬ್ಯಾಟು ಹಿಡಿದಿದ್ದಾನೆ, ಇನ್ನೂರು ಸಲ ಹೊಡೆದಿದ್ದಾನೆ. ಇವತ್ತು ನಾಲ್ಕು ಸಲ ಸಿಕ್ಕರೆ ಮೂರು ಸಲ ಹೊಡೆಯಬೇಕು. ಎರಡು ಸಾಲದು.

ಅವತ್ತು ಬೆಳಿಗ್ಗೆ ವೆರೋನಾ ಕಾರ್ಖಾನೆಯ ಕೂಗಿಗೂ ಕಾಯಲಿಲ್ಲ. ಐದು ತಿಂಗಳು ಕೂಡಿಟ್ಟ ಜೇಡಿಯನ್ನು ಸನಿಕೆಯಿಂದ ಕೆತ್ತಿ ತೆಗೆದಳು. ಗೆರೆಯ ಒಳಮಗ್ಗುಲನ್ನು ಎರಡು ಬೆರಳು ಏರಿಸಿ, ಹೊರಮಗ್ಗುಲನ್ನು ತಗ್ಗಿಸಿ, ದಿಮ್ಮಸು ಹೊಡೆದು, ನೀರು ಚಿಮುಕಿಸಿ, ಸುಣ್ಣ ಎಳೆದಳು. ಜೇಬಿನಿಂದ ಹಳೇ ಚೆಂಡೊಂದನ್ನು ತೆಗೆದು ಗೆರೆಯ ಒಳಗೆ ಇಟ್ಟಳು. ಅದು ಒಂದು ಕ್ಷಣ ಯೋಚಿಸುವಂತೆ ನಿಂತು, ಮೆಲ್ಲಗೆ ಹೊರಕ್ಕೆ ಉರುಳಿತು. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಅದು ಹೋದ ದಾರಿಯನ್ನೇ ನೋಡಿದಳು.

ಮಧ್ಯಾಹ್ನ ಅವಳೂ ಟೋಬಿಯೂ ಹತಾರಗಳ ಗುಡಿಸಲ ಮುಂದಿನ ಹಲಗೆಯ ಮೇಲೆ ಕೂತರು. ಮೂರನೇ ಬೇಸಿನ ಗೆರೆ ಅಲ್ಲಿಂದ ಅಂಗೈಯಷ್ಟು ಹತ್ತಿರ. ಮಾಲ್ವೀನಾ ಕಡಲೆಕಾಯಿ ಬುಟ್ಟಿ ಹೊತ್ತು ಬಂದು ಪಕ್ಕದಲ್ಲೇ ಕುಕ್ಕರಿಸಿದಳು.

"ಏನೇ ವೆರೋನಾ, ಭಾನುವಾರದ ಲಂಗ ಶನಿವಾರವೇ ಹಾಕ್ಕೊಂಡಿದ್ದೀಯ? ಗ್ಯಾಸ್ಕಿನ್ ಮೇಲೆ ಕಣ್ಣಾ?"

"ಹೂಂ ಕಣೇ, ಹದಿಮೂರು ವರ್ಷದಿಂದ."

ಮೊದಲ ಸರದಿಯಲ್ಲೇ ಗ್ಯಾಸ್ಕಿನ್ ಬ್ಯಾಟು ಹಿಡಿದ. ಮೊದಲ ಚೆಂಡಿಗೆ ಬಂಟ್. ಚೆಂಡು ಗೆರೆಯ ಗುಂಟ ಚೆನ್ನಾಗಿಯೇ ಹೋಗಿ, ಅರ್ಧ ದಾರಿಯಲ್ಲಿ ಬೇಸರ ಬಂದಂತೆ ಹೊರಕ್ಕೆ ತಿರುಗಿತು. ಫೌಲ್. ಅವನು ಹುಬ್ಬೇರಿಸಿದ. ಎರಡನೆಯದಕ್ಕೂ ಬಂಟ್, ಎರಡನೆಯದೂ ಹೊರಗೆ. ಎರಡು ಸ್ಟ್ರೈಕ್ ಆದ ಮೇಲೆ ಬಂಟು ಗೆರೆ ದಾಟಿದರೆ ಆಟಗಾರ ಔಟ್. ಬುದ್ಧಿಯಿದ್ದವರು ಆಗ ಬಂಟಿನ ತಂಟೆಗೆ ಹೋಗುವುದಿಲ್ಲ. ಗ್ಯಾಸ್ಕಿನ್ ಹೋದ. ಚೆಂಡು ಮೂರನೆಯ ಸಲವೂ ಸುಣ್ಣ ದಾಟಿತು.

"ಔಟ್!"

ಜನ ಹೋ ಎಂದು ನಿಟ್ಟುಸಿರಿಟ್ಟರು. ಗ್ಯಾಸ್ಕಿನ್ ನೆಲ ನೋಡಲಿಲ್ಲ. ಎರಡೂ ಅಂಗೈಗಳನ್ನು ಬಿಡಿಸಿ, ಯಾರೋ ಬೇರೆಯವರ ಕೈಯೇನೋ ಎಂಬಂತೆ ನೋಡಿಕೊಳ್ಳುತ್ತ ಬೆಂಚಿಗೆ ಹೋದ. ವೆರೋನಾಳಿಗೆ ಜೇನು ನೆಕ್ಕಿದ ಹಾಗಾಯಿತು. ಇನ್ನು ಉಳಿದ ಮೂರಕ್ಕೆ ಮೂರೂ ಹೊಡೆಯಬೇಕು ಅವನು.

"ನಿನ್ನ ಮುಖ ಯಾಕೆ ಹಿಂಗೆ ಹೊಳೀತಿದೆ?" ಅಂದಳು ಮಾಲ್ವೀನಾ.

"ಬಿಸಿಲು."

ಆದರೆ ನಾಲ್ಕನೆಯ ಸರದಿಯಲ್ಲಿ ಗ್ಯಾಸ್ಕಿನ್ ಬಂಟು ಬಿಟ್ಟು ಬೀಸಿದ. ಎಡಗಡೆ ಹುಲ್ಲಿಗೆ ಕೊಯ್ದ ಹಾಗೆ ಹೊಡೆತ. ಆರನೆಯದರಲ್ಲಿ ಮತ್ತೆ ಬೀಸಿದ. ಚೆಂಡು ಹಿಂದಿನ ಬೇಲಿಯ ಹಲಗೆಗೆ ಧಡ್ ಎಂದು ಬಡಿಯಿತು. ಜನ ಟೋಪಿ ಹಾರಿಸಿದರು. ವೆರೋನಾ ಬೆರಳು ಮಡಿಚಿ ಲೆಕ್ಕ ಹಾಕಿದಳು. ಇನ್ನೂರ ಎರಡು ಹೊಡೆತ, ಐನೂರ ಆರು ಸಲ. ಎಂಟನೆಯ ಸರದಿಯ ಒಂದು ಹೊಡೆತದ ಮೇಲೆ ನಿಂತಿತು ಎಲ್ಲ.

"ಹೇಳಿರ್ಲಿಲ್ವಾ ನಾನು? ಬೀಸ್ತಾನೆ ಅಂತ," ಅಂದ ಟೋಬಿ ಮೆಲ್ಲಗೆ.

"ಬಾಯ್ಮುಚ್ಚು."

ಎಂಟನೆಯ ಸರದಿ ಬಂತು. ಗ್ಯಾಸ್ಕಿನ್ನನ ಅಂಗಿ ಬೆನ್ನಿಗೆ ಅಂಟಿತ್ತು, ಏದುಸಿರು ಹತ್ತಿತ್ತು. ಅವನ ಬೀಸು ನೋಡಿದ್ದ ಓಲ್ಡಮಿನ ಮೂರನೇ ಬೇಸಿನವನು ಬಹಳ ಹಿಂದೆ ಸರಿದು ನಿಂತಿದ್ದ. ಗ್ಯಾಸ್ಕಿನ್ ಅವನತ್ತ ಓರೆಗಣ್ಣಲ್ಲಿ ನೋಡಿದ್ದು ವೆರೋನಾಳಿಗೆ ಕಂಡಿತು. ಹಿಂದೆ ನಿಂತವನ ಮುಂದೆ ಬಂಟು ಹೊಡೆಯದೆ ಇರಲು ಆ ನಾಲಿಗೆಗೆ ಸಾಧ್ಯವೇ? ಹೊಡಿ, ಹೊಡಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು.

ಮೊದಲ ಚೆಂಡಿಗೇ ಹೊಡೆದ, ಬಂಟ್.

ಚೆಂಡು ಗೆರೆಯ ಒಳಗೇ ಉರುಳಿತು. ಮೂರನೇ ಬೇಸಿನವನು ಕಾದು ನಿಂತಿದ್ದವನೇ. ಹಿಂದೆ ನಿಂತದ್ದು ಬರೀ ನಾಟಕ. ಬೇಟೆನಾಯಿಯ ಹಾಗೆ ನುಗ್ಗಿ ಬಂದು, ಬರಿಗೈಯಲ್ಲಿ ಚೆಂಡನ್ನು ಬಾಚಿ, ಬಗ್ಗಿದ ಹಾಗೇ ಒಂದನೇ ಬೇಸಿಗೆ ಎಸೆದ. ಗ್ಯಾಸ್ಕಿನ್ ಇನ್ನೂ ಮೂರು ಹೆಜ್ಜೆ ಹಿಂದಿರುವಾಗಲೇ ಚೆಂಡು ಅಲ್ಲಿ ತಲುಪಿತು. ಮುಗಿಯಿತು. ವೆರೋನಾ ಎದ್ದು ನಿಂತಳು.

"ಫೌಲ್!" ಎಂದು ಅಂಪೈರ್ ಎರಡೂ ಕೈ ಎತ್ತಿ ಕೂಗಿದ.

ಆ ಕೈ ಬಾಚುವುದಕ್ಕೆ ರೆಪ್ಪೆ ಬಡಿಯುವಷ್ಟು ಮುಂಚೆ ಚೆಂಡು ಸುಣ್ಣ ದಾಟಿತ್ತು. ನಿನ್ನೆಯ ನೆಲವಾಗಿದ್ದರೆ ದಾಟುತ್ತಿರಲಿಲ್ಲ. ಬರೀ ಸಪಾಟು ನೆಲವಾಗಿದ್ದರೂ ದಾಟುತ್ತಿರಲಿಲ್ಲ. ಗೆರೆಯೊಳಗೆ ಸಿಕ್ಕಿ, ಮೂರು ಹೆಜ್ಜೆಯಲ್ಲಿ ಔಟಾಗಿ, ಮನೆಗೆ ಹೋಗಬೇಕಾದವನು ವಾಪಸು ಬಂದು ಬ್ಯಾಟು ಹಿಡಿದ. ಅವಳು ಬೆಳಗಿನ ಜಾವ ಏರಿಸಿದ ಆ ಎರಡು ಬೆರಳ ಮಣ್ಣು ಅವನಿಗೆ ಜೀವ ಕೊಟ್ಟಿತ್ತು.

ವೆರೋನಾ ಕುಸಿದು ಕೂತಳು.

ಮುಂದಿನ ಚೆಂಡಿಗೆ ಗ್ಯಾಸ್ಕಿನ್ ಬೀಸಿದ. ಚೆಂಡು ಪಿಚರನ ಕಾಲಸಂದಿಯಿಂದ ಹಾದು, ಎರಡನೇ ಬೇಸಿನ ಪಕ್ಕದ ನುಣ್ಣನೆಯ ನೆಲವನ್ನು ಸವರಿಕೊಂಡು, ಓಲ್ಡಮಿನವನ ಗವಸಿನ ತುದಿಗೆ ಒಂದು ಗೇಣು ತಪ್ಪಿ, ಹುಲ್ಲಿಗೆ ಹೋಯಿತು.

ಇನ್ನೂರ ಮೂರು ಹೊಡೆತ, ಐನೂರ ಏಳು ಸಲ. ನಾನೂರು.

ಮೈದಾನವೇ ಎದ್ದು ನಿಂತಿತು. ಮಾಲ್ವೀನಾ ಬುಟ್ಟಿ ಸಮೇತ ಕಡಲೆಕಾಯಿಯನ್ನು ಮೇಲಕ್ಕೆಸೆದಳು. ಆ ಗದ್ದಲದಲ್ಲಿ ಟೋಬಿ ಒಬ್ಬನೇ ಕೂತಿದ್ದ, ಎರಡನೇ ಬೇಸನ್ನೇ ನೋಡುತ್ತ.

"ನಾನಾಗಿದ್ರೆ ಹಿಡೀತಿದ್ದೆ," ಅಂದ.

ಹದಿಮೂರು ವರ್ಷದಲ್ಲಿ ಅವನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ವೆರೋನಾ ತಿರುಗಿ ನೋಡಿದಳು. ಅವನ ಕಣ್ಣು ಒಣಗಿಯೇ ಇತ್ತು, ಕೈ ಮಾತ್ರ ಮಂಡಿಯನ್ನು ಹಿಸುಕುತ್ತಿತ್ತು. ಕುಸಿದಿದ್ದ ಅವಳು ಆಗ ನೆಟ್ಟಗೆ ಕೂತಳು. ರೋಷ ಮರಗಟ್ಟಿದೆ ಅಂದಿದ್ದು ಸುಳ್ಳು ಹಾಗಾದರೆ. ಏಣಿ ಎಳೆಯಲಾಗಲಿಲ್ಲ ನಿಜ. ಆದರೆ ಏಣಿ ಯಾರದೆಂದು ಹೇಳಬಹುದಲ್ಲ?

ಜನವೆಲ್ಲ ಚದುರಿ, ಪತ್ರಿಕೆಯವರು ಬರೆದುಕೊಂಡು ಹೋಗುವ ಹೊತ್ತಿಗೆ ಹೊತ್ತು ಇಳಿದಿತ್ತು. ಗ್ಯಾಸ್ಕಿನ್ ಕೊನೆಯ ಹೊಡೆತದ ಚೆಂಡನ್ನು ಮೇಲೆಸೆದು ಹಿಡಿಯುತ್ತ, ಯಾವುದೋ ಹಾಡು ಗುನುಗುತ್ತ, ಗೆರೆಯ ಪಕ್ಕ ಬಂದ. ವೆರೋನಾ ಹಲುಬೆ ಹಿಡಿದು ನಿಂತಿದ್ದಳು, ಟೋಬಿ ಎರಡು ಹೆಜ್ಜೆ ಹಿಂದೆ.

"ಆ ಚೆಂಡು ಒಂದು ಗಳಿಗೆ ಕೊಡಿ ಸಾಹೇಬ್ರೆ."

"ನೋಡ್ಬೇಕಾ? ನೋಡು, ನೋಡು. ನಾನೂರರ ಚೆಂಡು ಅದು."

ಅವಳು ಬಗ್ಗಿ ಅದನ್ನು ಗೆರೆಯ ಒಳಗೆ ಇಟ್ಟಳು. ಅದು ಹೊರಕ್ಕೆ ಉರುಳಿತು. ಮತ್ತೆ ಇಟ್ಟಳು, ಮತ್ತೆ ಉರುಳಿತು. ಗ್ಯಾಸ್ಕಿನ್ನನ ಗುನುಗು ನಿಂತಿತು.

"ಇದು ಇವತ್ತು ಬೆಳಿಗ್ಗೆ ನಾನು ಮಾಡಿದ್ದು," ಅಂದಳು. "ನಿನ್ನನ್ನ ಬೀಳಿಸ್ಬೇಕು ಅಂತ. ಮೊದಲ ಸಲ ಬಿದ್ದೆ. ಕೊನೇ ಸಲ ಇದೇ ನಿನ್ನನ್ನ ಉಳಿಸ್ತು. ಅದು ನನ್ನ ಗ್ರಹಚಾರ. ನೆಲ ನೆಟ್ಟಗಿದ್ದಿದ್ರೆ ನೀನು ಮೂರು ಹೆಜ್ಜೆಯಲ್ಲಿ ಔಟು."

"ಏ, ಏನಮ್ಮಾ ಹೇಳ್ತಿದ್ದೀಯ ನೀನು?"

"ಇನ್ನೂ ಕೇಳು. ಮೇ ತಿಂಗಳಲ್ಲಿ ತೆಗೆ ಅಂದ್ಯಲ್ಲ ಮಣ್ಣು? ತೆಗೀಲಿಲ್ಲ ನಾನು. ಇನ್ನಷ್ಟು ಹಾಕ್ದೆ. ಬೆಣ್ಣೆ ನಿನ್ನ ಕೈಯಲ್ಲಿರ್ಲಿಲ್ಲ, ಈ ಜೇಡೀಲಿತ್ತು. ಆಚೆ ಉರುಳ್ಬೇಕಾದ ನಿನ್ನ ಮೂವತ್ತು ಬಂಟು ಒಳಗೆ ನಿಂತ್ವು. ಒಂದೊಂದಕ್ಕೂ ನನ್ನ ಅಡುಗೆಮನೆ ಕ್ಯಾಲೆಂಡರಲ್ಲಿ ಗುರುತಿದೆ, ತಾರೀಖಿನ ಸಮೇತ. ಮೂವತ್ತೊಂದನೇದು ಇವತ್ತಿನದು."

ಗ್ಯಾಸ್ಕಿನ್ನನ ಬಾಯಿ ತೆರೆದುಕೊಂಡಿತು. ತುಟಿಗಳು ಅಲುಗುತ್ತಿದ್ದವು. ಲೆಕ್ಕ ಹಾಕುತ್ತಿದ್ದಾನೆಂದು ಅವಳಿಗೆ ತಿಳಿಯಿತು.

"ಕಷ್ಟಪಡ್ಬೇಡ, ನಾನೇ ಹೇಳ್ತೀನಿ. ಇನ್ನೂರ ಮೂರರಲ್ಲಿ ಮೂವತ್ತೊಂದು ಕಳೆ. ನೂರ ಎಪ್ಪತ್ತೆರಡು. ಸಾವಿರದ ಲೆಕ್ಕಕ್ಕೆ ಮುನ್ನೂರ ಮೂವತ್ತೊಂಬತ್ತು ಬರುತ್ತೆ. ಅಷ್ಟೇ ನೀನು."

"ಯಾಕೆ? ನಾನೇನು ಮಾಡಿದ್ದೆ ನಿಂಗೆ?"

ಟೋಬಿ ಮುಂದೆ ಬಂದ. ಬಗ್ಗಲಾರದೆ, ಕೋಲಿನ ತುದಿಯಿಂದಲೇ ಷರಾಯಿಯನ್ನು ಮಂಡಿಯವರೆಗೆ ಏರಿಸಿದ. ಮೊಳೆಗಳು ಬಿಟ್ಟ ಸಾಲು ಸಂಜೆಯ ಬೆಳಕಿನಲ್ಲಿ ನೀಲಿಗಟ್ಟಿ ಕಂಡವು.

"ಒಂಬತ್ತನೇ ಇಸವಿ. ಎರಡನೇ ಬೇಸು. ನೀವು ಔಟಾಗಿದ್ರಿ ಸಾಹೇಬ್ರೆ. ಚೆಂಡು ನನ್ನ ಕೈಯಲ್ಲೇ ಇತ್ತು."

ಗ್ಯಾಸ್ಕಿನ್ ಕಾಲು ನೋಡಿದ. ಟೋಬಿಯ ಮುಖ ನೋಡಿದ. "ನೆನಪಿಲ್ಲ," ಅಂದ ಕೊನೆಗೆ. ಅದು ಸುಳ್ಳಾಗಿರಲಿಲ್ಲ. "ಎಷ್ಟೋ ಜನರ ಮೇಲೆ ಬಿದ್ದಿದ್ದೀನಪ್ಪ ನಾನು."

"ಇರ್ಲಿ," ಅಂದಳು ವೆರೋನಾ. "ಇದು ನೆನಪಿರುತ್ತೆ. ಇವನ ಮೂವತ್ತೆಂಟು ಆಟಕ್ಕೆ ಯಾರೂ ನೆಲ ವಾಲಿಸಿರ್ಲಿಲ್ಲ."

ಅವನು ಚೆಂಡೆತ್ತಿಕೊಂಡು ಎರಡು ಹೆಜ್ಜೆ ಹೋಗಿ ನಿಂತ.

"ಪತ್ರಿಕೆಯೋರಿಗೆ ಹೇಳಿದ್ದೀಯಾ?"

"ಇಲ್ಲ. ಯಾರಿಗೂ ಹೇಳಲ್ಲ. ನಿನಗೆ ಗೊತ್ತಿದ್ರೆ ಸಾಕು."

ದಾಖಲೆ ಪುಸ್ತಕದಲ್ಲಿ ನಾನೂರು ಅಚ್ಚಾಯಿತು. ಊರಿನವರು ಔತಣ ಮಾಡಿದರು, ಬ್ಯಾಂಡು ಬಾರಿಸಿದರು, ಕೆತ್ತನೆಯ ಗಡಿಯಾರ ಕೊಟ್ಟರು. ಭಾಷಣ ಮಾಡು ಅಂದಾಗ ಗ್ಯಾಸ್ಕಿನ್ ಕೈ ತೋರಿಸಲಿಲ್ಲ, ಜೇಬಿನಲ್ಲೇ ಇಟ್ಟುಕೊಂಡಿದ್ದ ಎಂದು ಮಾಲ್ವೀನಾ ಬಂದು ಹೇಳಿದಳು. "ಮಾತೇ ಹೊರಡ್ಲಿಲ್ಲ ಪಾಪ, ಸಂತೋಷಕ್ಕೆ!" ಅಂದಳು. ವೆರೋನಾ ಕಾಫಿಗೆ ಇನ್ನೊಂದು ಚೂರು ಸಕ್ಕರೆ ಹಾಕಿಕೊಂಡಳು.

ನವೆಂಬರಿನಲ್ಲಿ ಮೊದಲ ಹಿಮ ಬಿದ್ದ ದಿನ, ಮ್ಯಾನೇಜರಿಕೆ ಬಿಟ್ಟು ಊರು ತೊರೆಯುತ್ತಿದ್ದ ಗ್ಯಾಸ್ಕಿನ್ ಅವರ ಅಡುಗೆಮನೆಯ ಬಾಗಿಲು ತಟ್ಟಿದ. ಪೇಟೆಯ ಕೋಟು, ಕೈಯಲ್ಲಿ ಹ್ಯಾಟು, ಕಣ್ಣ ಕೆಳಗೆ ಕಪ್ಪು. ಟೋಬಿ ಒಲೆಯ ಪಕ್ಕದಿಂದಲೇ "ಬನ್ನಿ ಸಾಹೇಬ್ರೆ, ಕಾಫಿ ಕುಡೀರಿ" ಅಂದ. ವೆರೋನಾ ಗಸಗಸೆಯ ರೊಟ್ಟಿಗೆ ಹಿಟ್ಟು ಲಟ್ಟಿಸುತ್ತಿದ್ದಳು. ಲಟ್ಟಣಿಗೆ ಕೈಯಲ್ಲಿಟ್ಟುಕೊಂಡೇ ಹೊಸ್ತಿಲಿಗೆ ಬಂದಳು. ಒಳಗೆ ಕರೆಯಲಿಲ್ಲ.

"ಜೂನ್ ಹದಿನಾಲ್ಕು," ಅಂದ ಗ್ಯಾಸ್ಕಿನ್. ನಮಸ್ಕಾರವೂ ಇಲ್ಲ, ಪೀಠಿಕೆಯೂ ಇಲ್ಲ. "ಎಲ್ಲಾ ಒಂದೊಂದಾಗಿ ನೆನಪು ಮಾಡ್ಕೊಂಡೆ. ಅವತ್ತಿನ ಬಂಟು ಬೇರೆ ಥರ ಇತ್ತು. ಒಳಕ್ಕೆ ವಾಲ್ಲಿಲ್ಲ ಅದು, ನೆಟ್ಟಗೆ ಹೋಗಿ ನಿಂತ್ಕೊಳ್ತು. ನನ್ನ ಕೈಯಿಂದಲೇ ನಿಂತದ್ದು. ಅದನ್ನ ನೀನು ಸೇರಿಸ್ಬಾರ್ದು."

ವೆರೋನಾ ಲಟ್ಟಣಿಗೆಗೆ ಅಂಟಿದ ಹಿಟ್ಟನ್ನು ಬೆರಳಿನಿಂದ ಕೆರೆದಳು.

"ಅದನ್ನ ಬಿಟ್ರೆ ಮೂವತ್ತು. ಮೂವತ್ತಾದ್ರೆ ಮುನ್ನೂರ ನಲವತ್ತೊಂದು ಬರುತ್ತೆ. ಮೂವತ್ತೊಂಬತ್ತಲ್ಲ, ನಲವತ್ತೊಂದು." ಅವನು ಹೊಸ್ತಿಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದ. "ಕ್ಯಾಲೆಂಡರು ನೋಡಿ ಹೇಳು ತಾಯಿ. ಅದೊಂದು ಹೇಳಿದ್ರೆ ನಾನು ಹೋಗ್ತೀನಿ."

ಕ್ಯಾಲೆಂಡರು ಅವಳ ಬೆನ್ನ ಹಿಂದೆಯೇ ಗೋಡೆಯ ಮೇಲಿತ್ತು. ಅವಳು ತಿರುಗಲಿಲ್ಲ.

"ಮೂವತ್ತೊಂದು," ಅಂದಳು, ಬಾಗಿಲು ಹಾಕಿದಳು.

ಹಿಮದ ಮೇಲೆ ಹೆಜ್ಜೆಯ ಸದ್ದು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು, ಆಮೇಲೆ ಮೆಟ್ಟಿಲಿಳಿದು ಹೋಯಿತು. ಟೋಬಿ ಲೋಟದಲ್ಲಿ ಕಾಫಿ ತಿರುಗಿಸುತ್ತ ಕೂತಿದ್ದ.

"ಕಾಲಿನ ಮಾತೇ ಎತ್ತಲಿಲ್ಲ ನೋಡು," ಅಂದ.

"ಎತ್ತಲಿಲ್ಲ."

"ಅವತ್ತು ಮಳೆಗೆ ನಿನ್ನ ಗೆರೆ ಕೊಚ್ಚಿಹೋಗಿತ್ತು ಕಣೆ. ಜೂನ್ ಹದಿನಾಲ್ಕರದು ಅವನದೇ."

"ಗೊತ್ತು," ಅಂದಳು ವೆರೋನಾ. ಹಲಗೆಯ ಮೇಲೆ ಇನ್ನೊಂದು ಹಿಡಿ ಹಿಟ್ಟು ಉದುರಿಸಿ, ಲಟ್ಟಣಿಗೆ ಒತ್ತಿ, ರೊಟ್ಟಿಯ ಅಂಚನ್ನು ಸಮ ಮಾಡತೊಡಗಿದಳು.